ಹೊದಿಕೆ ಸರಿಸಿ ನೋಡಿ: ಮನೆ ಆರೈಕೆ ಸೇವೆಗಳ ಮೇಲ್ವಿಚಾರಣೆಯ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮನೆ ಆರೈಕೆ ಸೇವೆಗಳಿಗೆ ಪರವಾನಗಿ ನೀಡುವ, ಅವುಗಳ ಗುಣಮಟ್ಟವನ್ನು ಪರಿಶೀಲಿಸುವ ಎಲ್ಲ ಅಧಿಕಾರಿಗಳಿಗೆ,

ವಿಷಯ: ಮನೆ ಆರೈಕೆಯ ಗುಣಮಟ್ಟವನ್ನೂ ಸುರಕ್ಷತೆಯನ್ನೂ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಅಳೆಯಬೇಕೆಂಬ ಮನವಿ.

ಮಾನ್ಯರೇ,

ಪಾರ್ಶ್ವವಾಯು ಬಡಿದು ಬಲಭಾಗದ ಸ್ವಾಧೀನವನ್ನೂ ಮಾತನ್ನೂ ಕಳೆದುಕೊಂಡು ಹಾಸಿಗೆ ಹಿಡಿದ ತಾಯಿಯನ್ನು ಹನ್ನೊಂದು ತಿಂಗಳು ಮನೆ ಆರೈಕೆ ಏಜೆನ್ಸಿಯೊಂದರ ಸಿಬ್ಬಂದಿಯ ನೆರವಿನಿಂದ ನೋಡಿಕೊಂಡ ಮಗಳು ನಾನು. ಆ ಏಜೆನ್ಸಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರ ಮೇಲಿನ ದೂರನ್ನು ಸಲ್ಲಿಸಬೇಕಾದಲ್ಲಿ ಸಲ್ಲಿಸಿದ್ದೇನೆ. ಈ ಪತ್ರ ಬರೆಯುತ್ತಿರುವುದು ನೀವು ಬಳಸುತ್ತಿರುವ ಅಳತೆಗೋಲಿನ ಬಗ್ಗೆ. ಏಕೆಂದರೆ ನನ್ನ ಕಣ್ಣೆದುರೇ ಅಮ್ಮನ ಹಿಮ್ಮಡಿ ಕೊಳೆಯುತ್ತಿದ್ದಾಗ ನಿಮ್ಮ ಅಳತೆಗೋಲು ಆ ಸೇವೆಯನ್ನು ‘ತೃಪ್ತಿಕರ’ ಎಂದು ತೋರಿಸಿತು.

ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡುವಾಗ ವೈದ್ಯರು ಮುಖ್ಯವಾಗಿ ಹೇಳಿದ್ದ ಮಾತು, ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂಬುದು. ಏಜೆನ್ಸಿಯವರು ಅದಕ್ಕೆಂದೇ ಅಚ್ಚು ಮಾಡಿಸಿದ ಒಂದು ಚಾರ್ಟ್ ತಂದು ಗೋಡೆಗೆ ತೂಗುಹಾಕಿದರು. ಎಡ ಮಗ್ಗುಲು, ಬೆನ್ನು, ಬಲ ಮಗ್ಗುಲು ಎಂದು ಗಂಟೆ ಗಂಟೆಗೂ ಗುರುತು ಹಾಕುವ ಚೌಕಗಳಿದ್ದವು. ದಿನವೂ ಸಂಜೆ ಕೆಲಸ ಮುಗಿಸಿ ಬಂದಾಗ ನಾನು ಮೊದಲು ನೋಡುತ್ತಿದ್ದದ್ದು ಆ ಚಾರ್ಟನ್ನೇ. ಎಲ್ಲ ಚೌಕಗಳೂ ತುಂಬಿರುತ್ತಿದ್ದವು, ಮನಸ್ಸಿಗೆ ನೆಮ್ಮದಿಯಾಗುತ್ತಿತ್ತು. ಐದನೆಯ ತಿಂಗಳ ಒಂದು ಸಂಜೆ ಅಮ್ಮನ ಕಾಲುಚೀಲ ಬದಲಿಸಲೆಂದು ಹೊದಿಕೆ ಸರಿಸಿದೆ. ಬಲ ಹಿಮ್ಮಡಿಯಲ್ಲಿ ನಾಣ್ಯದಗಲದ ನೇರಳೆ ಬಣ್ಣದ ಕಲೆಯೊಂದಿತ್ತು, ಬೆರಳಿನಿಂದ ಒತ್ತಿದರೆ ಮೆತ್ತಗೆ ಕುಸಿಯಿತು. ಸ್ವಾಧೀನವಿಲ್ಲದ ಕಾಲು ಅದು. ನೋವಾಗಿದ್ದರೂ ಹೇಳಲು ಅಮ್ಮನಿಗೆ ಬಾಯಿಲ್ಲ.

ಆ ರಾತ್ರಿ ಚಾರ್ಟಿನ ಹಳೆಯ ಹಾಳೆಗಳನ್ನೆಲ್ಲ ಮುಂದಿಟ್ಟುಕೊಂಡು ಕುಳಿತೆ. ಮೂತ್ರದ ನಳಿಕೆ ಬದಲಿಸಲು ಅಮ್ಮನನ್ನು ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದ ಒಂದು ದಿನವಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಮನೆ ಬಿಟ್ಟು, ಮಧ್ಯಾಹ್ನ ಮೂರಕ್ಕೆ ಮರಳಿದ್ದೆವು. ಆ ದಿನದ ಹಾಳೆಯಲ್ಲಿ ಹತ್ತು ಗಂಟೆಗೆ ಎಡ ಮಗ್ಗುಲು, ಹನ್ನೆರಡಕ್ಕೆ ಬೆನ್ನು, ಎರಡಕ್ಕೆ ಬಲ ಮಗ್ಗುಲು ಎಂದು ಮೂರು ಗುರುತುಗಳು, ಒಂದೇ ಪೆನ್ನಿನಲ್ಲಿ, ಒಂದೇ ವಾಲಿನಲ್ಲಿ ಬಿದ್ದಿದ್ದವು. ಮನೆಯಲ್ಲೇ ಇಲ್ಲದ ರೋಗಿಯನ್ನು ಮೂರು ಬಾರಿ ಹೊರಳಿಸಿದ ದಾಖಲೆ ಅದು.

ಏಜೆನ್ಸಿಗೆ ದೂರು ಕೊಟ್ಟೆ. ಮಗ್ಗುಲು ಬದಲಿಸಿರುವುದಕ್ಕೆ ಸಾಕ್ಷಿಯೆಂದು ಅದೇ ಚಾರ್ಟಿನ ನಕಲನ್ನು ನನಗೆ ಕಳುಹಿಸಿದರು. ಮೇಲಿನ ಕಚೇರಿಗೆ ಬರೆದೆ. ಮೂರು ವಾರ ಕಳೆದ ಮೇಲೆ, ಹಿಂದಿನ ದಿನವೇ ಫೋನ್ ಮಾಡಿ ತಿಳಿಸಿ, ಒಬ್ಬ ಪರಿಶೀಲಕರು ಬಂದರು. ಸೌಜನ್ಯದ ಮನುಷ್ಯ, ಅವರ ಮೇಲೆ ನನಗೆ ಸಿಟ್ಟಿಲ್ಲ. ನಡುಮನೆಯ ಕುರ್ಚಿಯಲ್ಲಿ ಕುಳಿತು ಹಾಜರಿ ಪುಸ್ತಕ, ಸಿಬ್ಬಂದಿಯ ಗುರುತಿನ ಚೀಟಿ, ತರಬೇತಿ ಪ್ರಮಾಣಪತ್ರ, ಚಾರ್ಟ್ ಎಲ್ಲವನ್ನೂ ಒಂದೊಂದಾಗಿ ನೋಡಿ ತಮ್ಮ ನಮೂನೆಯಲ್ಲಿ ಗುರುತು ಹಾಕಿಕೊಂಡರು. ಇಪ್ಪತ್ತೈದು ನಿಮಿಷ ಹಿಡಿಯಿತು. ಅಮ್ಮನ ಕೋಣೆಯ ಬಾಗಿಲು ಅಲ್ಲಿಂದ ಹತ್ತು ಹೆಜ್ಜೆ. ‘ಒಮ್ಮೆ ಒಳಗೆ ಬಂದು ನೋಡಿ’ ಎಂದು ಕೇಳಿದೆ. ತಮ್ಮ ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ, ರೋಗಿಯ ಖಾಸಗಿತನದ ಪ್ರಶ್ನೆಯೂ ಇದೆ ಎಂದರು. ರೋಗಿಯ ಪರವಾಗಿ ಮಗಳು ಕೈಮುಗಿದು ಕರೆಯುತ್ತಿದ್ದಾಗ ಖಾಸಗಿತನದ ಹೆಸರಿನಲ್ಲಿ ಆ ಬಾಗಿಲು ಮುಚ್ಚಿದ್ದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಮಾನ್ಯರೇ, ಆ ದಿನ ನಿಮ್ಮ ಪರಿಶೀಲಕರು ಒಳಗೆ ಬಂದಿದ್ದರೆ ಹಿಮ್ಮಡಿಯ ಗಾಯವೊಂದೇ ಅಲ್ಲ, ಅದಾಗಲು ಕಾರಣವಾದ ಎಲ್ಲವೂ ಐದೇ ನಿಮಿಷದಲ್ಲಿ ಕಣ್ಣಿಗೆ ಬೀಳುತ್ತಿತ್ತು. ಬೆಡ್ ಸೋರ್ ಎಂದು ನಾವು ಕರೆಯುವ ಹಾಸಿಗೆ ಹುಣ್ಣು ದಿಢೀರನೆ ಬರುವಂಥದ್ದಲ್ಲ. ಮೂಳೆ ಚರ್ಮಕ್ಕೆ ಹತ್ತಿರವಿರುವ ಹಿಮ್ಮಡಿ, ಸೊಂಟದ ಹಿಂಭಾಗ, ಚಪ್ಪೆಯಂಥ ಕಡೆ ದೇಹದ ಭಾರ ಒಂದೇ ಸಮ ಒತ್ತಿ ರಕ್ತಸಂಚಾರ ನಿಂತಾಗ ಅದರ ಮೊದಲ ಲಕ್ಷಣ ಕಾಣಿಸಿಕೊಳ್ಳುತ್ತದೆ. ಬೆರಳಿಟ್ಟು ಒತ್ತಿದರೂ ಬಿಳಿಚಿಕೊಳ್ಳದ ಕೆಂಪು ಅದು. ಕಪ್ಪು ಮೈಬಣ್ಣದವರಲ್ಲಿ ಆ ಕೆಂಪು ಕಣ್ಣಿಗೆ ಬೀಳುವುದೇ ಕಷ್ಟ. ಮುಟ್ಟಿ ನೋಡಿದಾಗ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿಯೋ ತಣ್ಣಗೋ, ಗಟ್ಟಿಯಾಗಿಯೋ ಮೆತ್ತಗೋ ಇದೆಯೇ ಎಂಬುದರಿಂದಲೇ ತಿಳಿಯಬೇಕು. ಆ ಹಂತದಲ್ಲಿ ಒತ್ತಡ ತೆಗೆದರೆ ಚರ್ಮ ಚೇತರಿಸಿಕೊಳ್ಳುತ್ತದೆ. ತಡವಾದರೆ ಗಾಯ ಮಾಂಸಕ್ಕೆ, ಮೂಳೆಗೆ ಇಳಿಯುತ್ತದೆ. ಮುಟ್ಟಿ ನೋಡಬೇಕಾದದ್ದನ್ನು ಕಾಗದದಲ್ಲಿ ಹುಡುಕಿದರೆ ಹೇಗೆ ಸಿಕ್ಕೀತು?

ಇದನ್ನು ಮೊದಲೇ ಊಹಿಸುವ ವಿಧಾನಗಳೂ ನಿಮ್ಮ ಇಲಾಖೆಗಳಿಗೆ ಹೊಸವಲ್ಲ. ಬ್ರೇಡನ್ ಮಾಪಕ 1987ರಿಂದಲೂ ಬಳಕೆಯಲ್ಲಿದೆ. ಒತ್ತಡದ ನೋವು ರೋಗಿಗೆ ತಿಳಿಯುತ್ತದೆಯೇ, ಚರ್ಮ ಎಷ್ಟು ಹೊತ್ತು ತೇವದಲ್ಲಿರುತ್ತದೆ, ಎದ್ದು ಓಡಾಡುತ್ತಾರೆಯೇ, ಮಲಗಿದಲ್ಲೇ ಹೊರಳಬಲ್ಲರೇ, ಹೊಟ್ಟೆಗೆ ಸರಿಯಾಗಿ ಸೇರುತ್ತಿದೆಯೇ, ಎಳೆಯುವಾಗ ಚರ್ಮ ಹಾಸಿಗೆಗೆ ಉಜ್ಜುತ್ತದೆಯೇ ಎಂಬ ಆರು ವಿಷಯಗಳಿಗೆ ಅಂಕ ಕೊಟ್ಟು 6ರಿಂದ 23ರೊಳಗಿನ ಒಂದು ಮೊತ್ತ ತೆಗೆಯುತ್ತಾರೆ. ಮೊತ್ತ ಕಡಿಮೆಯಾದಷ್ಟೂ ಅಪಾಯ ಹೆಚ್ಚು, ಸಾಮಾನ್ಯವಾಗಿ 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ ವಹಿಸಬೇಕು. ತರಬೇತಿ ಪಡೆದ ನರ್ಸ್‌ಗೆ ಇದು ಕೆಲವೇ ನಿಮಿಷಗಳ ಕೆಲಸ. ಹನ್ನೊಂದು ತಿಂಗಳಲ್ಲಿ ಅಮ್ಮನಿಗೆ ಇದನ್ನು ಯಾರೂ ಒಮ್ಮೆಯೂ ಮಾಡಲಿಲ್ಲ, ಮಾಡಿಲ್ಲವೇಕೆ ಎಂದು ಯಾರೂ ಕೇಳಲೂ ಇಲ್ಲ.

ಹಾಗೆಂದು ದಾಖಲೆಯಲ್ಲಿ ಸುಳ್ಳು ಬರೆಯುವುದಷ್ಟೇ ತೊಂದರೆ ಎಂದು ನೀವು ತಿಳಿಯಬಾರದು. ನಿಜವನ್ನೇ ಬರೆದ ದಾಖಲೆಯೂ ಅಪಾಯವನ್ನು ಮುಚ್ಚಿಡಬಲ್ಲದು. ಮೊದಲ ತಿಂಗಳುಗಳಲ್ಲಿ ಅಮ್ಮನಿಗೆ ಮೂಗಿನ ನಳಿಕೆಯ ಮೂಲಕವೇ ಆಹಾರ, ಔಷಧ ಎರಡನ್ನೂ ಕೊಡಬೇಕಿತ್ತು. ಶಿಫ್ಟ್ ಬದಲಾಗುವಾಗ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಲೇ ಹಳೆಯ ಹುಡುಗಿ ಹೊಸಬಳಿಗೆ ‘ಮಾತ್ರೆ ಎಲ್ಲಾ ಪುಡಿ ಮಾಡಿ ನೀರಲ್ಲಿ ಕಲಸಿ ಹಾಕಿಬಿಡು’ ಎಂದು ಹೇಳಿ ಹೊರಟುಹೋಗಿದ್ದಳು. ಆ ವಾರ ವೈದ್ಯರು ರಕ್ತದೊತ್ತಡಕ್ಕೆ ಬರೆದಿದ್ದ ಹೊಸ ಮಾತ್ರೆ ದಿನವಿಡೀ ನಿಧಾನವಾಗಿ ಕರಗುವಂಥದ್ದು. ಪುಡಿ ಮಾಡಿದರೆ ಇಡೀ ದಿನದ ಔಷಧ ಒಮ್ಮೆಲೇ ದೇಹಕ್ಕೆ ಸೇರುತ್ತದೆ. ಎರಡನೆಯ ದಿನ ಅಮ್ಮ ಬೆವರಿ, ತಣ್ಣಗಾಗಿ, ಕರೆದರೆ ಕಣ್ಣು ತೆರೆಯದ ಸ್ಥಿತಿಗೆ ಬಂದಾಗ ಬಿಪಿ ತೀರಾ ಇಳಿದಿತ್ತು. ಆಸ್ಪತ್ರೆಯಲ್ಲಿ ಮಾತ್ರೆಯ ಪಟ್ಟಿ ತೋರಿಸಿದಾಗಲೇ ಕಾರಣ ತಿಳಿದದ್ದು. ಆ ಎರಡೂ ದಿನದ ಚಾರ್ಟಿನಲ್ಲಿ ‘ಮಾತ್ರೆ ಕೊಡಲಾಗಿದೆ’ ಎಂದಿತ್ತು. ಅದು ಅಕ್ಷರಶಃ ಸತ್ಯ. ಯಾವುದನ್ನು, ಹೇಗೆ ಕೊಟ್ಟರು ಎಂಬ ಪ್ರಶ್ನೆ ನಿಮ್ಮ ಯಾವ ನಮೂನೆಯಲ್ಲೂ ಇರಲಿಲ್ಲ. ತಪ್ಪಿಸಬಹುದಾದ ಗಂಭೀರ ಔಷಧ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕಿಳಿಸುವ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಹಾಕಿಕೊಂಡಿತ್ತು. ರೋಗಿ ಆಸ್ಪತ್ರೆಯಿಂದ ಮನೆಗೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಹೊತ್ತಿನಲ್ಲಿ ಔಷಧದ ತಪ್ಪುಗಳು ಹೆಚ್ಚು ಎಂಬುದೂ ಅದೇ ಪ್ರಯತ್ನದಲ್ಲಿ ಮುಖ್ಯವಾಗಿ ಹೇಳಿದ ಮಾತು. ಮನೆ ಆರೈಕೆಯಲ್ಲಿ ಆ ದಾಟುವಿಕೆ ದಿನಕ್ಕೆರಡು ಸಲ ನಡೆಯುತ್ತದೆ.

ಈಗ ಇನ್ನೊಬ್ಬ ಹೆಣ್ಣುಮಗಳ ಬಗ್ಗೆ ಹೇಳಲೇಬೇಕು. ಹನ್ನೊಂದು ತಿಂಗಳಲ್ಲಿ ನಮ್ಮ ಮನೆಗೆ ಹದಿನಾಲ್ಕು ಜನ ಸಹಾಯಕಿಯರು ಬಂದುಹೋದರು. ಅವರಲ್ಲಿ ಒಬ್ಬಳು, ಹಿಮ್ಮಡಿಯ ಗಾಯವಾದ ನಂತರ ಬಂದವಳು, ಹೆಚ್ಚು ಓದಿದವಳಲ್ಲ. ಬಂದ ಮೊದಲ ದಿನವೇ ಕೈ ತೊಳೆದು, ಒರೆಸಿ, ಹೊದಿಕೆ ಪೂರ್ತಿ ಸರಿಸಿ ಅಮ್ಮನ ಮೈಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಮೀನಖಂಡದ ಕೆಳಗೆ ಮಡಚಿದ ದಿಂಬನ್ನಿಟ್ಟು ಹಿಮ್ಮಡಿ ಎಲ್ಲಿಗೂ ತಾಗದಂತೆ ಎತ್ತರಿಸಿದಳು. ದಿಂಬು ಸರಿಯಾಗಿದೆಯೇ ಎಂದು ತಿಳಿಯಲು ಹಿಮ್ಮಡಿ ಮತ್ತು ಹಾಸಿಗೆಯ ನಡುವೆ ತನ್ನ ಅಂಗೈಯನ್ನು ಆಚೆಯಿಂದೀಚೆಗೆ ಆಡಿಸುತ್ತಿದ್ದಳು. ಮಗ್ಗುಲು ಹೊರಳಿಸುವ ಮುನ್ನ ಪ್ರತಿ ಸಲವೂ ‘ಅಮ್ಮಾ, ಈಗ ಈ ಕಡೆ ತಿರುಗಿಸ್ತೀನಿ’ ಎಂದು ಹೇಳಿ, ಅಮ್ಮ ಕಣ್ಣಿನಲ್ಲಿ ಒಪ್ಪಿಗೆ ಕೊಡುವವರೆಗೆ ಕಾಯುತ್ತಿದ್ದಳು. ಮೂತ್ರದ ಚೀಲವನ್ನು ಹೊರಳಿಸುವಾಗಲೂ ಹಾಸಿಗೆಯ ಮಟ್ಟಕ್ಕಿಂತ ಮೇಲೆತ್ತುತ್ತಿರಲಿಲ್ಲ. ಚೀಲ ಮೇಲೇರಿದರೆ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆಂದು ನನಗೆ ಹೇಳಿಕೊಟ್ಟವಳೂ ಅವಳೇ. ಅವಳಿದ್ದ ಎರಡು ತಿಂಗಳಲ್ಲಿ ಗಾಯ ಒಣಗುತ್ತ ಬಂತು. ಆದರೆ ಚಾರ್ಟ್ ತುಂಬುವುದು ಅವಳಿಗೆ ಮರೆತುಹೋಗುತ್ತಿತ್ತು. ಖಾಲಿ ಬಿಟ್ಟ ಚೌಕಗಳಿಗಾಗಿ ಏಜೆನ್ಸಿ ಅವಳ ಸಂಬಳದಲ್ಲಿ ಹಣ ಹಿಡಿಯಿತು. ‘ಅಕ್ಕಾ, ಅಮ್ಮನ್ನ ನೋಡ್ಲಾ, ಆ ಹಾಳೆ ನೋಡ್ಲಾ?’ ಎಂದು ಅವಳು ನನ್ನನ್ನು ಕೇಳಿದಳು. ಉತ್ತರ ಕೊಡಬೇಕಾದವರು ನೀವು. ಮುಂದಿನ ತಿಂಗಳು ಅವಳನ್ನು ಬೇರೆ ಮನೆಗೆ ಹಾಕಿದರು.

ಮನೆಯಲ್ಲಿಲ್ಲದ ರೋಗಿಯನ್ನು ಹೊರಳಿಸಿದವಳಿಗೆ ನಿಮ್ಮ ಪದ್ಧತಿಯಲ್ಲಿ ಪೂರ್ಣ ಅಂಕ, ಗಾಯ ಮಾಯಿಸಿದವಳಿಗೆ ದಂಡ. ನನ್ನ ದೂರಿನ ತಿರುಳು ಇಷ್ಟೇ.

ಆದರೂ ಸುಳ್ಳು ಗುರುತು ಹಾಕಿದ ಆ ಹುಡುಗಿಯನ್ನೂ ನಾನು ಪೂರ್ತಿ ದೂರಲಾರೆ. ಹನ್ನೆರಡು ಗಂಟೆಯ ಶಿಫ್ಟ್ ಮುಗಿಸಿ, ಬದಲಿ ಬರಲಿಲ್ಲವೆಂದು ಮತ್ತೆ ಹನ್ನೆರಡು ಗಂಟೆ ಉಳಿದದ್ದು ಅವಳ ಪಾಲಿಗೆ ಅಪರೂಪವಾಗಿರಲಿಲ್ಲ. ಸ್ವಾಧೀನವಿಲ್ಲದ ದೇಹವನ್ನು ಎಳೆದಾಡದೆ ಹೊರಳಿಸಲು ಇಬ್ಬರು ಬೇಕು, ಇಲ್ಲವೇ ಮೈ ಕೆಳಗೆ ಹಾಸುವ ಜಾರುವ ಬಟ್ಟೆಯೋ ಎತ್ತುವ ಸಲಕರಣೆಯೋ ಬೇಕು. ಅವಳಿಗೆ ಎರಡೂ ಇರಲಿಲ್ಲ. ಬೆನ್ನುನೋವಿಗೆ ಮುಲಾಮು ಹಚ್ಚಿಕೊಂಡು ಅವಳು ಕೆಲಸ ಮಾಡುತ್ತಿದ್ದದ್ದನ್ನು ಕಂಡಿದ್ದೇನೆ. ಆರೈಕೆ ಮಾಡುವವರ ಸುರಕ್ಷತೆಯನ್ನು ಅಳೆಯದೆ ಆರೈಕೆ ಪಡೆಯುವವರ ಸುರಕ್ಷತೆಯನ್ನು ಅಳೆಯಲು ಸಾಧ್ಯವೆಂದು ನನಗೆ ಅನ್ನಿಸುವುದಿಲ್ಲ. ನನ್ನ ಪಾಲೂ ಇದರಲ್ಲಿದೆ. ಐದು ತಿಂಗಳು ನಾನೂ ಗೋಡೆಯ ಮೇಲಿನ ಹಾಳೆಯನ್ನು ನಂಬಿ ಹೊದಿಕೆ ಸರಿಸದೆ ಮಲಗಿದವಳು.

ಗ್ರಾಹಕರ ಅಭಿಪ್ರಾಯವನ್ನು ಕೇಳುತ್ತಿದ್ದೇವಲ್ಲ ಎಂದು ನಿಮ್ಮ ಕಚೇರಿಯ ಉತ್ತರದಲ್ಲಿ ಬರೆದಿದ್ದೀರಿ. ಹೌದು, ತಿಂಗಳಿಗೊಮ್ಮೆ ಏಜೆನ್ಸಿಯಿಂದಲೇ ಫೋನ್ ಬರುತ್ತಿತ್ತು. ಒಂದರಿಂದ ಐದರೊಳಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುವಾಗ ಸಹಾಯಕಿ ಪಕ್ಕದಲ್ಲೇ ನಿಂತಿರುತ್ತಿದ್ದಳು. ಕಡಿಮೆ ಅಂಕ ಕೊಟ್ಟರೆ ನಾಳೆ ಬೆಳಿಗ್ಗೆ ಯಾರೂ ಬರದಿದ್ದರೆ ಎಂಬ ಭಯದಲ್ಲಿ ಇರುವವರಿಂದ ಪಡೆದ ಐದನ್ನು ತೃಪ್ತಿ ಎಂದು ಎಣಿಸಬೇಡಿ. ಮೇಲಾಗಿ ಆ ಸೇವೆ ಪಡೆಯುತ್ತಿದ್ದವರು ಅಮ್ಮ. ಅವರನ್ನು ಯಾರೂ ಕೇಳಲಿಲ್ಲ. ಮಾತಿಲ್ಲದಿದ್ದರೂ ಅವರು ಹೌದು, ಇಲ್ಲ ಎಂಬುದನ್ನು ರೆಪ್ಪೆ ಮುಚ್ಚಿ ತೆರೆದು ಹೇಳಬಲ್ಲರು, ಕೇಳುವವರಿಗೆ ತಾಳ್ಮೆಯಿದ್ದರೆ ಸಾಕು. ಅರವತ್ತು ದಾಟಿದ ಪ್ರತಿ ಆರು ಜನರಲ್ಲಿ ಒಬ್ಬರು ಒಂದು ವರ್ಷದ ಅವಧಿಯಲ್ಲಿ ಆಸ್ಪತ್ರೆ, ಆಶ್ರಮಗಳ ಹೊರಗೆ ತಾವು ಬದುಕುವ ಪರಿಸರದಲ್ಲೇ ಯಾವುದಾದರೊಂದು ಬಗೆಯ ದೌರ್ಜನ್ಯಕ್ಕೆ ಒಳಗಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಮಾಡುವವರು ಹೊರಗಿನವರೇ ಆಗಬೇಕಿಲ್ಲ, ಮನೆಯವರೂ ಆಗಿರಬಹುದು. ಆದ್ದರಿಂದ ಪರಿಶೀಲಕರು ರೋಗಿಯೊಂದಿಗೆ ಸ್ವಲ್ಪ ಹೊತ್ತಾದರೂ ಒಂಟಿಯಾಗಿ ಇರಬೇಕು. ಸಹಾಯಕಿಯೂ ಇರಬಾರದು, ನನ್ನಂಥ ಮಗಳೂ ಇರಬಾರದು.

ಆರೈಕೆಯ ಗುಣಮಟ್ಟವನ್ನು ಹೇಗೆ ಅಳೆಯಬೇಕೆಂದು ವೈದ್ಯ ಅವೇಡಿಸ್ ಡೊನಬೇಡಿಯನ್ 1966ರಲ್ಲೇ ಮೂರು ಭಾಗ ಮಾಡಿ ತೋರಿಸಿದ್ದರು. ಸಿಬ್ಬಂದಿ, ಸಲಕರಣೆಗಳಂಥ ಏರ್ಪಾಡು ಒಂದು, ಆರೈಕೆ ನಡೆಯುವ ಬಗೆ ಎರಡನೆಯದು, ರೋಗಿಗೆ ಅದರಿಂದಾದ ಫಲ ಮೂರನೆಯದು. ನಿಮ್ಮ ಪರಿಶೀಲನೆ ಮೊದಲನೆಯದನ್ನು ಬಹಳ ಶ್ರದ್ಧೆಯಿಂದ ನೋಡುತ್ತದೆ, ಎರಡನೆಯದನ್ನು ಏಜೆನ್ಸಿ ಬರೆದುಕೊಟ್ಟಂತೆ ನಂಬುತ್ತದೆ, ಮೂರನೆಯದನ್ನು ನೋಡುವುದೇ ಇಲ್ಲ. ಫಲವನ್ನಷ್ಟೇ ಎಣಿಸಿ ಎಂದೂ ನಾನು ಹೇಳುವುದಿಲ್ಲ. ಹಾಗೆ ಮಾಡಿದರೆ ತೀರಾ ನಿತ್ರಾಣರಾದ ರೋಗಿಗಳನ್ನು ಒಪ್ಪಿಕೊಳ್ಳುವ ಪ್ರಾಮಾಣಿಕ ಸಂಸ್ಥೆಗೇ ಕೆಟ್ಟ ಹೆಸರು ಬರುತ್ತದೆ, ಉಳಿದವರು ಅಂಥ ರೋಗಿಗಳನ್ನು ಬಾಗಿಲಲ್ಲೇ ತಿರುಗಿಸಿ ಕಳುಹಿಸುತ್ತಾರೆ. ಅದಕ್ಕಾಗಿಯೇ ಸೇವೆ ಶುರುವಾಗುವ ದಿನ ರೋಗಿಯ ಸ್ಥಿತಿ ಹೇಗಿತ್ತೆಂಬ ಒಂದು ಪ್ರಾಮಾಣಿಕ ದಾಖಲೆ ಬೇಕು. ಚರ್ಮ, ತೂಕ, ನುಂಗುವ ಶಕ್ತಿ, ಬೀಳುವ ಅಪಾಯ, ತೆಗೆದುಕೊಳ್ಳುತ್ತಿರುವ ಔಷಧ, ಇವಿಷ್ಟನ್ನು ಅರ್ಹ ನರ್ಸ್ ಒಬ್ಬರು ಖುದ್ದಾಗಿ ನೋಡಿ ಬರೆಯಬೇಕು, ಸ್ಥಿತಿ ಬದಲಾದಾಗಲೆಲ್ಲ ಮತ್ತೆ ಬರೆಯಬೇಕು. ಮುಂದಿನ ಅಳತೆಗಳೆಲ್ಲ ಅದಕ್ಕೆ ಹೋಲಿಸಿದಾಗ ಮಾತ್ರ ಅರ್ಥ ಪಡೆಯುತ್ತವೆ.

ಸುರಕ್ಷತೆಯೆಂದರೆ ಅಪಾಯವಿಲ್ಲದಿರುವುದಷ್ಟೇ ಎಂದು ತಿಳಿದರೂ ಅನಾಹುತವಾಗುತ್ತದೆ. ಲೋಕದಾದ್ಯಂತ ಬೀಳುವುದರಿಂದ ವರ್ಷಕ್ಕೆ ಸುಮಾರು 6,84,000 ಜನ ಸಾಯುತ್ತಾರೆಂಬ ಅಂದಾಜಿದೆ, ಅದರ ಭಯ ಎಲ್ಲರಿಗೂ ಇರಬೇಕಾದದ್ದೇ. ಆದರೆ ಬಿದ್ದರೆ ತನ್ನ ತಲೆಗೆ ಬರುತ್ತದೆಂದು ಒಬ್ಬ ಸಹಾಯಕಿ ಮೂರು ವಾರ ಅಮ್ಮನನ್ನು ಕುರ್ಚಿಗೆ ಕೂರಿಸಲೇ ಇಲ್ಲ. ಕಿಟಕಿಯ ಬಳಿ ಕೂರುವುದು ಅಮ್ಮನಿಗೆ ಉಳಿದಿದ್ದ ಒಂದೇ ಸುಖ. ಆ ಮೂರು ವಾರಗಳಲ್ಲಿ ಎಡಗಾಲಿನ ಬಲವೂ ಕುಗ್ಗಿತು. ಯಾವ ಅವಘಡವೂ ನಡೆಯಲಿಲ್ಲವಾದ್ದರಿಂದ ನಿಮ್ಮ ಲೆಕ್ಕದಲ್ಲಿ ಅವು ಸುರಕ್ಷಿತ ವಾರಗಳು.

ಹೀಗಾಗಿ ನಿಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ಪರಿಶೀಲನೆ ಹೇಳದೆ ಬರಲಿ, ಕೆಲವೊಮ್ಮೆ ರಾತ್ರಿಯೂ ಬರಲಿ. ಬಂದವರು ನಡುಮನೆಯಲ್ಲಿ ಕೂರದೆ, ರೋಗಿಯ ಅಥವಾ ಅವರ ಪರವಾಗಿ ನಿಂತವರ ಒಪ್ಪಿಗೆ ಪಡೆದು, ಕೋಣೆಗೆ ಹೋಗಲಿ. ಹಿಮ್ಮಡಿ ಮತ್ತು ಬೆನ್ನನ್ನು ನೋಡಲಿ, ಉಳಿದ ಮಾತ್ರೆಗಳನ್ನು ಎಣಿಸಿ ಚೀಟಿಗೆ ತಾಳೆ ಹಾಕಲಿ. ಕರೆಗಂಟೆಯೂ ನೀರಿನ ಲೋಟವೂ ರೋಗಿಯ ಸ್ವಾಧೀನವಿರುವ ಕೈಗೆ ಎಟಕುವಲ್ಲಿವೆಯೇ ಎಂದು ಗಮನಿಸಲಿ. ಪ್ರಮಾಣಪತ್ರ ಕೇಳುವ ಬದಲು ಒಮ್ಮೆ ಮಗ್ಗುಲು ಬದಲಿಸಿ ತೋರಿಸೆಂದು ಸಹಾಯಕಿಯನ್ನು ಕೇಳಲಿ, ರೋಗಿಗೆ ಉಸಿರು ಕಟ್ಟಿದರೆ ಮೊದಲು ಏನು ಮಾಡುತ್ತೀಯೆಂದು ಕೇಳಲಿ. ಒಂದು ತಿಂಗಳಲ್ಲಿ ಎಷ್ಟು ಹೊಸ ಮುಖಗಳು ಆ ಮನೆಗೆ ಬಂದವೆಂಬುದನ್ನು ತಪ್ಪದೆ ಎಣಿಸಲಿ. ಏಜೆನ್ಸಿಯ ಬಗ್ಗೆ ಬೇರಾವ ಸಂಖ್ಯೆಗಿಂತಲೂ ಹೆಚ್ಚನ್ನು ಅದು ಹೇಳುತ್ತದೆಂಬುದು ನನ್ನ ಅನುಭವ. ಶಿಫ್ಟ್ ಬದಲಾಗುವಾಗ ಇಬ್ಬರೂ ಹಾಸಿಗೆಯ ಬಳಿ ಜೊತೆಗಿದ್ದು ಮಾತನಾಡುವಷ್ಟು ಹೊತ್ತು ಸಂಬಳ ಸಹಿತ ಕೆಲಸದ ಅವಧಿಯೆಂದು ಪರಿಗಣಿತವಾಗಲಿ.

ತಪ್ಪಾದಾಗ ಅದನ್ನು ತಾವಾಗಿ ಒಪ್ಪಿಕೊಂಡ ಸಹಾಯಕಿಯ ಸಂಬಳ ಹಿಡಿಯುವುದನ್ನು ನಿಷೇಧಿಸಿ. ಹೇಳಿದವರನ್ನು ಶಿಕ್ಷಿಸಿದರೆ ಮುಂದಿನವರು ಮುಚ್ಚಿಡುತ್ತಾರೆ, ಮಾತ್ರೆಯ ವಿಷಯದಲ್ಲಿ ಆದದ್ದೂ ಇದೇ. ಆ ಹುಡುಗಿಗೆ ಮೊದಲ ದಿನವೇ ಅನುಮಾನ ಬಂದಿತ್ತಂತೆ, ಕೇಳಿದರೆ ತಿಳಿವಳಿಕೆಯಿಲ್ಲದವಳೆಂದು ತೆಗೆದುಹಾಕುತ್ತಾರೆಂದು ಹೆದರಿ ಸುಮ್ಮನಿದ್ದಳು. ದೂರು ಕೇಳುವ ವ್ಯವಸ್ಥೆ ಏಜೆನ್ಸಿಯ ಕೈಯಲ್ಲಿರಬಾರದು, ದೂರು ಕೊಟ್ಟ ಮನೆಗೆ ವಿಚಾರಣೆ ಮುಗಿಯುವವರೆಗೆ ಸೇವೆ ನಿಲ್ಲಬಾರದು. ಪರಿಶೀಲನೆಯಲ್ಲಿ ಕಂಡದ್ದನ್ನು ಸಾಮಾನ್ಯರು ಓದಿ ಅರ್ಥಮಾಡಿಕೊಳ್ಳುವ ಭಾಷೆಯಲ್ಲಿ ಪ್ರಕಟಿಸಿ. ‘ತೃಪ್ತಿಕರ’ ಎಂಬ ಒಂದು ಪದ, ಆಸ್ಪತ್ರೆಯಿಂದ ತಂದೆಯನ್ನೋ ತಾಯಿಯನ್ನೋ ಮನೆಗೆ ಕರೆತರುತ್ತಿರುವ ಕುಟುಂಬಕ್ಕೆ ಯಾವ ನೆರವೂ ಆಗದು.

2019ರಿಂದ ಪ್ರತಿ ವರ್ಷ ಸೆಪ್ಟೆಂಬರ್ 17ನ್ನು ವಿಶ್ವ ರೋಗಿ ಸುರಕ್ಷತಾ ದಿನವೆಂದು ಆಚರಿಸಲಾಗುತ್ತಿದೆ. ಆ ದಿನದ ಭಾಷಣಗಳಲ್ಲಿ ಆಸ್ಪತ್ರೆಯ ರೋಗಿಗಳಷ್ಟೇ ಮನೆಯ ಹಾಸಿಗೆಯಲ್ಲಿರುವವರೂ ನೆನಪಿಗೆ ಬರಬೇಕಾದರೆ ಮೊದಲು ನಿಮ್ಮ ನಮೂನೆಯಲ್ಲಿ ಅವರಿಗೊಂದು ಜಾಗವಿರಬೇಕು. ನನ್ನ ಬಳಿ ಹನ್ನೊಂದು ತಿಂಗಳ ಚಾರ್ಟಿನ ಎಲ್ಲ ಹಾಳೆಗಳೂ ಇವೆ, ಆಸ್ಪತ್ರೆಯ ಆ ದಿನದ ರಸೀದಿ ಇದೆ, ಹಿಮ್ಮಡಿಯ ಗಾಯವನ್ನು ವಾರವಾರವೂ ತೆಗೆದ ಚಿತ್ರಗಳಿವೆ. ಹೊಸ ನಮೂನೆ ರೂಪಿಸುವವರು ಕೇಳಿದರೆ ಎಲ್ಲವನ್ನೂ ಒಪ್ಪಿಸುತ್ತೇನೆ. ಅಮ್ಮ ಈಗಲೂ ಅದೇ ಕೋಣೆಯಲ್ಲಿದ್ದಾರೆ. ನಿಮ್ಮ ಪರಿಶೀಲಕರು ಯಾವ ಹೊತ್ತಿನಲ್ಲಿ ಬಂದರೂ ಮುನ್ಸೂಚನೆ ಬೇಕಿಲ್ಲ. ಈ ಸಲ ಒಳಗೆ ಬರಲು ಹೇಳಿ ಕಳುಹಿಸಿ.

ಇತಿ,
ಹಾಸಿಗೆ ಹಿಡಿದ ತಾಯಿಯೊಬ್ಬರ ಮಗಳು